ನಿಮ್ಮ ‘ಕ್ಯೂ’ ಲೇಖನದ ಬಗ್ಗೆ

ಪ್ರಿಯರೇ,

ನೀವು ಕಳಿಸಿದ ‘ಕ್ಯೂ ವಂಶದ ಮಹಾಯಾತ್ರೆ’ಯನ್ನು ಪೂರ್ತಿ ಓದಿದೆ. ಸೈಬೀರಿಯಾದಿಂದ ಅಮೆರಿಕಕ್ಕೆ ಹೋದ ಜನರ ಕಥೆಯನ್ನು, ಗಂಡಸರಲ್ಲಷ್ಟೇ ಇರುವ ವೈ ಕ್ರೋಮೋಸೋಮಿನ ‘ಕ್ಯೂ’ ಗುಂಪು ಹಿಡಿದು ಹೇಳಲು ಹೊರಟಿದ್ದೀರಿ. ವಿಷಯ ನನಗೆ ತುಂಬಾ ಇಷ್ಟವಾಯಿತು. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ.

ದೊಡ್ಡ ತೊಂದರೆ ಒಂದೇ. ನಿಮ್ಮ ಕೈಯಲ್ಲಿ ಕ್ಯೂ ಒಂದು ಜನಾಂಗವೇ ಆಗಿಬಿಟ್ಟಿದೆ. ‘ಕ್ಯೂ ಜನ ಬೇಟೆಯಾಡಿದರು, ಕ್ಯೂ ಜನ ಹಿಮ ದಾಟಿದರು’ ಎಂದು ಬರೆದಿದ್ದೀರಿ. ಅದು ಅಪ್ಪನಿಂದ ಮಗನಿಗೆ ದಾಟುವ ಒಂದು ಗುರುತು, ಅಷ್ಟೇ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಒಬ್ಬರ ವಂಶವೃಕ್ಷದಲ್ಲಿ 1,024 ಜಾಗ ಇರುತ್ತವೆ. ವೈ ಬಂದಿರುವುದು ಅದರಲ್ಲಿ ಒಬ್ಬನಿಂದ ಮಾತ್ರ. ಉಳಿದ ಗಂಡಸರು, ಎಲ್ಲ ಹೆಂಗಸರು ನಿಮ್ಮ ಲೇಖನದಲ್ಲಿ ಕಾಣುವುದೇ ಇಲ್ಲ.

ಸೈಬೀರಿಯಾದ ಮಾಲ್ಟಾ ಹುಡುಗನ ಭಾಗ ನೋಡಿ. ಬೈಕಲ್ ಸರೋವರದ ಕಡೆ ಸಿಕ್ಕ, ಸುಮಾರು 24,000 ವರ್ಷ ಹಿಂದಿನ ಪುಟ್ಟ ಹುಡುಗ. ಅವನನ್ನು ‘ಕ್ಯೂ ವಂಶದ ಮೂಲಪುರುಷ’ ಎಂದಿದ್ದೀರಿ. ಅವನ ವೈ ಕ್ಯೂ ಅಲ್ಲ, ಆರ್. ಕ್ಯೂಗೆ ಅದು ದಾಯಾದಿ ಕವಲು. ಇವತ್ತು ಯುರೋಪಿನಲ್ಲೂ ನಮ್ಮ ದೇಶದಲ್ಲೂ ಕೋಟ್ಯಂತರ ಗಂಡಸರು ಆರ್ ಗುಂಪಿನವರೇ. ಆದರೂ 2013ರಲ್ಲಿ ಅವನ ಡಿಎನ್‌ಎ ಓದಿದಾಗ, ಅಮೆರಿಕದ ಮೂಲನಿವಾಸಿಗಳ ಡಿಎನ್‌ಎಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಅವನಂಥ ಜನರಿಂದ ಬಂದಿದೆ ಎಂದು ಗೊತ್ತಾಯಿತು. ಅಪ್ಪನ ಕಡೆಯ ಎಳೆ ಬೇರೆ, ಆದರೂ ನೆಂಟಸ್ತಿಕೆ ನಿಜ! ಇದನ್ನು ಬಿಟ್ಟು ಬೇರೆಲ್ಲಿಂದಲೋ ಯಾಕೆ ಶುರು ಮಾಡಿದಿರಿ?

ಇದರ ಉಲ್ಟಾ ಕಥೆಯೂ ಇದೆ. ಕೊಲಂಬಿಯಾದ ಆಂಟಿಯೋಕಿಯಾದಲ್ಲಿ ಬಹುತೇಕ ಗಂಡಸರ ತಂದೆ ಕಡೆಯ ಎಳೆ ಯುರೋಪಿನದು, ತಾಯಿಯಿಂದಷ್ಟೇ ದಾಟುವ ಡಿಎನ್‌ಎಯ ಎಳೆ ಮೂಲನಿವಾಸಿಗಳದು. ಸ್ಪೇನಿನವರು ಬಂದ ಮೇಲೆ ಆ ಹೆಂಗಸರ ಪಾಲಿಗೆ ಏನಾಯಿತು ಅನ್ನುವುದು ಈ ಎರಡು ಎಳೆಗಳಲ್ಲೇ ಇದೆ. ಬರೆಯಿರಿ ಇದನ್ನ.

1968ರಲ್ಲಿ ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಸಿಕ್ಕ ಆನ್‌ಜಿಕ್ ಮಗುವಿಗೆ ಒಂದೇ ಸಾಲು ಕೊಟ್ಟಿದ್ದೀರಿ, ಸಾಲದು. ಸುಮಾರು 12,600 ವರ್ಷ ಹಿಂದಿನ, ಎರಡು ವರ್ಷ ದಾಟಿರದ ಗಂಡು ಮಗು. ಅದರ ವೈ ಮಾತ್ರ ಕ್ಯೂ ಗುಂಪಿನದೇ. ಜೊತೆಗೆ ನೂರಕ್ಕೂ ಹೆಚ್ಚು ಕಲ್ಲಿನ, ಕೊಂಬಿನ ಸಾಮಾನು ಇಟ್ಟಿದ್ದರು. ಎಲ್ಲಕ್ಕೂ ಕೆಮ್ಮಣ್ಣು ಮೆತ್ತಿತ್ತು. ಅವು ಮಗು ಹಿಡಿಯುವ ಸಾಮಾನಲ್ಲ, ದೊಡ್ಡವರು ಬೇಟೆಗೆಂದು ಕೆತ್ತಿ ಮಾಡಿಕೊಂಡದ್ದು. ಅಷ್ಟನ್ನೂ ಮಗುವಿನ ಜೊತೆ ಮಣ್ಣು ಮಾಡಿದ್ದಾರೆ. ನಿಮ್ಮ ‘ನಾಯಕ ಕೈಯೆತ್ತಿ ಕೂಗಿದ’ ದೃಶ್ಯವನ್ನು ಯಾರೂ ನೋಡಿಲ್ಲ ಅಲ್ವಾ? ತೆಗೆದುಬಿಡಿ. ಆ ಜಾಗ ಈ ಮಗುವಿಗೆ ಸಿಗಲಿ.

ಕೆನೆವಿಕ್ ಮನುಷ್ಯನ ಬಗ್ಗೆ ‘ವಿವಾದವೂ ಆಯಿತು’ ಎಂದು ಸುಮ್ನೆ ದಾಟಿಬಿಟ್ಟಿದ್ದೀರಿ. 1996ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಕೊಲಂಬಿಯಾ ನದಿ ದಡದಲ್ಲಿ ಸಾವಿರಾರು ವರ್ಷ ಹಳೆಯ ಅವನ ಎಲುಬು ಸಿಕ್ಕಾಗ ಅಲ್ಲಿನ ಬುಡಕಟ್ಟಿನವರು ‘ಇವರು ನಮ್ಮ ಹಿರಿಯರು’ ಎಂದರು. ತಲೆಬುರುಡೆಯ ಆಕಾರ ನೋಡಿ ಕೆಲವು ವಿಜ್ಞಾನಿಗಳು ಒಪ್ಪಲಿಲ್ಲ. ವರ್ಷಗಟ್ಟಲೆ ಕೋರ್ಟಿನಲ್ಲಿ ಜಗಳ ನಡೆಯಿತು. 2015ರಲ್ಲಿ ಡಿಎನ್‌ಎ ಬುಡಕಟ್ಟಿನವರ ಮಾತನ್ನೇ ಹೇಳಿತು. 2017ರಲ್ಲಿ ಮತ್ತೆ ಮಣ್ಣು ಮಾಡಿದರು. ವಂಶವಾಹಿ ವಿಜ್ಞಾನ ಜೀವಂತ ಜನರಿಗೆ ಯಾಕೆ ಮುಖ್ಯ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಸಂಗ ನಿಮ್ಮ ಲೇಖನದಲ್ಲಿಲ್ಲ.

ಇನ್ನೊಂದು: ಗುರುತು ಹುಟ್ಟಿದ ಕಾಲವೇ ವಲಸೆಯ ಕಾಲವಲ್ಲ. ಎರಡನ್ನೂ ಬೆರೆಸಿದ ಕಡೆ ಪೆನ್ಸಿಲ್ ಗುರುತು ಹಾಕಿದ್ದೇನೆ. ಸೈಬೀರಿಯಾಕ್ಕೂ ಅಲಾಸ್ಕಾಕ್ಕೂ ನಡುವಿನ ಬೆರಿಂಗ್ ಕೂಡ ಕಿರಿದಾದ ಸೇತುವೆಯಲ್ಲ. ಸಮುದ್ರ ಇಳಿದಾಗ ಮೇಲೆದ್ದ ವಿಶಾಲವಾದ ನೆಲ ಅದು.

ತಿದ್ದಿ ಕಳಿಸಿ. ಅರ್ಧಕ್ಕೆ ಇಳಿದರೂ ಪರವಾಗಿಲ್ಲ, ಜೊತೆಗೊಂದು ನಕ್ಷೆ ಇರಲಿ.

ವಿಶ್ವಾಸದಿಂದ,
ಸಂಪಾದಕ