ಓದುಗರ ಪ್ರಶ್ನೆ: ತ್ರಿಪುರಾಕ್ಕೆ ಹೋಗಬಹುದೇ?

ಪ್ರಶ್ನೆ: ನಿವೃತ್ತಿಯಾದ ಮೇಲೆ ನಾನು, ನನ್ನ ಹೆಂಡತಿ ಈಶಾನ್ಯ ರಾಜ್ಯಗಳ ಕಡೆ ಹೊರಟಿದ್ದೇವೆ. ತ್ರಿಪುರಾ ಬಿಟ್ಟುಬಿಡಿ, ಅಲ್ಲೇನಿಲ್ಲ ಅಂತಾರೆ. ನಿಜವೇ?
– ಒಬ್ಬ ಓದುಗರು, ಹಾಸನ

ಉತ್ತರ: ದಯವಿಟ್ಟು ಬಿಡಬೇಡಿ ಸಾರ್. ಉನಕೋಟಿ ಒಂದಕ್ಕಾಗಿಯೇ ಹೋಗಬಹುದು. ಕಾಡಿನ ನಡುವೆ ಮೆಟ್ಟಿಲು ಇಳಿಯುತ್ತಾ ಹೋದರೆ ಬಂಡೆಯಲ್ಲೇ ಕೊರೆದ ಶಿವನ ಮುಖ ಎದುರಾಗುತ್ತದೆ. ಎತ್ತರ ಸುಮಾರು 30 ಅಡಿ. ಅದರಲ್ಲಿ ಕಿರೀಟವೇ 10 ಅಡಿ! ಕೆಳಗೆ ಮಣ್ಣಲ್ಲಿ ಅರ್ಧ ಹೂತ ನಂದಿಗಳಿವೆ. ಹೊಯ್ಸಳರ ನುಣುಪು ಕೆತ್ತನೆ ನೋಡಿ ಬೆಳೆದ ನಿಮಗೆ ಈ ಒರಟು ಗೆರೆಗಳು ಮೊದಲು ವಿಚಿತ್ರ ಅನ್ನಿಸಬಹುದು. ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿ. ಏಪ್ರಿಲ್ ಆಸುಪಾಸಿನ ಅಶೋಕಾಷ್ಟಮಿಗೆ ಅಲ್ಲಿ ದೊಡ್ಡ ಜಾತ್ರೆ.

ಉದಯಪುರದ ತ್ರಿಪುರಸುಂದರಿ ಗುಡಿ 1501ರದ್ದು, ಧನ್ಯ ಮಾಣಿಕ್ಯ ರಾಜ ಕಟ್ಟಿಸಿದ್ದು. ಪ್ರಸಾದ ಪೇಡಾ. ಹಿಂದಿನ ಕೊಳದಲ್ಲಿ ದೊಡ್ಡ ದೊಡ್ಡ ಆಮೆಗಳಿವೆ, ನಿಮ್ಮ ಮನೆಯವರಿಗೆ ಖಂಡಿತ ಇಷ್ಟವಾಗುತ್ತೆ. ರುದ್ರಸಾಗರದ ನೀರಿನ ನಡುವಿನ ನೀರಮಹಲ್ ಅರಮನೆಗೆ ದೋಣಿಯಲ್ಲೇ ಹೋಗಬೇಕು.

ಊಟದಲ್ಲಿ ಬೆರ್ಮಾ, ಅಂದರೆ ಹುದುಗಿಸಿದ ಒಣಮೀನು ಜಾಸ್ತಿ. ಸಸ್ಯಾಹಾರಿಗಳಾದರೆ ಮೊದಲೇ ಹೇಳಿ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಬೆಂಗಳೂರಿನಿಂದ ಅಗರ್ತಲಾಕ್ಕೆ ನೇರ ಹಮ್‌ಸಫರ್ ರೈಲಿದೆ, ಆದರೆ ಮೂರು ದಿನದ ಹತ್ತಿರ ಹಿಡಿಯುತ್ತದೆ. ಮಂಡಿನೋವಿದ್ದರೆ ವಿಮಾನವೇ ವಾಸಿ. ಉನಕೋಟಿಯ ಮೆಟ್ಟಿಲಿಗೆ ಕಾಲು ಉಳಿಸಿಕೊಳ್ಳಿ.