ಕ್ರಿಯೆ ಬೇರೆ, ಅರಿವು ಬೇರೆ

ಬದಿಯಡ್ಕದ ಓದುಗರೊಬ್ಬರು ಕೇಳಿದ್ದಾರೆ: "ಜಡವಸ್ತುವೂ ಸೃಜನಶೀಲವೆಂದು ಇಂಗ್ಲಿಷ್ ತತ್ತ್ವಜ್ಞಾನಿ ವೈಟ್‌ಹೆಡ್ ಹೇಳಿದ್ದಾಗಿ ಕಳೆದ ಸಂಚಿಕೆಯ ಲೇಖನದಲ್ಲಿ ಓದಿದೆ. ಹಾಗಾದರೆ ನಮ್ಮ ಮನೆಯ ಗೋಡೆಯ ಮುರಕಲ್ಲಿಗೂ ಅರಿವಿದೆಯೆ? ಸಕಲವೂ ಚೈತನ್ಯವೆಂದು ನಮ್ಮ ಹಿರಿಯರು ಹೇಳಿದ್ದನ್ನೇ ವೈಟ್‌ಹೆಡ್ ಹೇಳಿದ್ದರೆ ಅದರಲ್ಲಿ ಹೊಸತೇನು?"

ಮಾನ್ಯರೇ,

ಕಲ್ಲಿಗೆ ಅರಿವಿದೆಯೆಂದು ವೈಟ್‌ಹೆಡ್ ಹೇಳಿಲ್ಲ. 1929ರಲ್ಲಿ ಪ್ರಕಟವಾದ 'ಪ್ರೋಸೆಸ್ ಆಂಡ್ ರಿಯಾಲಿಟಿ'ಯಲ್ಲಿ ಅವರು ಲೋಕದ ಮೂಲ ಘಟಕಗಳನ್ನು ವಸ್ತುಗಳೆಂದು ಬಗೆಯದೆ ಘಟನೆಗಳೆಂದು ಬಗೆದರು. ಪ್ರತಿಯೊಂದು ಘಟನೆಯೂ ತನಗಿಂತ ಹಿಂದಿನವುಗಳನ್ನು ಒಳಗೊಂಡು, ಹೊಸದಾಗಿ ರೂಪುಗೊಂಡು, ಮುಗಿದು, ಮುಂದಿನದಕ್ಕೆ ಸಾಮಗ್ರಿಯಾಗುತ್ತದೆ. ಕಲ್ಲು ಇಂತಹ ಅಸಂಖ್ಯ ಘಟನೆಗಳ ಸಮೂಹವಷ್ಟೇ. ಇಡೀ ಕಲ್ಲಿಗೆ ತನ್ನದೆನ್ನುವ ಅನುಭವವಿಲ್ಲ. ಅರಿವಾದರೋ ಅವರ ಪ್ರಕಾರ ಬಹು ಸಂಕೀರ್ಣವಾದ ಕೆಲವೇ ಘಟನೆಗಳಲ್ಲಿ ಮೂಡುವಂಥದು.

ತಾವು ಮುರಕಲ್ಲಿನ (ಲ್ಯಾಟರೈಟ್) ಮಾತೆತ್ತಿದ್ದು ಒಳ್ಳೆಯದಾಯಿತು. ಬಿಸಿಲು ಮತ್ತು ಜಡಿಮಳೆ ಬಹುಕಾಲ ಬಂಡೆಯನ್ನು ಕೊರೆದು, ಅದರ ಸಿಲಿಕಾ ಅಂಶವನ್ನು ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳನ್ನು ಉಳಿಸಿದ್ದರಿಂದ ಈ ಕಲ್ಲು ಆಗಿದೆ. ಕೋರೆಯೊಳಗೆ ತೇವವಿರುವಾಗ ಅದನ್ನು ಸುಲಭವಾಗಿ ಕಡಿಯಬಹುದು. ಮೇಲೆ ತಂದು ಗಾಳಿಬಿಸಿಲಿಗೆ ಒಡ್ಡಿದರೆ ಕಬ್ಬಿಣದ ಸಂಯುಕ್ತಗಳು ನೀರನ್ನು ಕಳೆದುಕೊಂಡು, ಹರಳುಗಟ್ಟಿ, ಕಲ್ಲು ಗಡುಸಾಗುತ್ತದೆ. ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಈ ಗುಣವನ್ನು ಸ್ಕಾಟಿಷ್ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ಪ್ರವಾಸಕಥನದಲ್ಲಿ ವರ್ಣಿಸಿದ್ದಾನೆ. ನಮ್ಮ ಬೇಕಲದ ಕೋಟೆ ನಿಂತಿರುವುದೂ ಇದೇ ಕಲ್ಲಿನಲ್ಲಿ. ವೈಟ್‌ಹೆಡ್ ಹೇಳಿದ್ದು ನಿಜವೆಂದು ಇದರಿಂದ ಸಿದ್ಧವಾಗದು. ಆದರೆ ಯಾರ ಸಂಕಲ್ಪವೂ ಇಲ್ಲದೆ, ಅರಿವಿನ ಸುಳಿವೂ ಇಲ್ಲದೆ, ದ್ರವ್ಯವು ತನ್ನನ್ನು ತಾನೇ ಮಾರ್ಪಡಿಸಿಕೊಳ್ಳಬಲ್ಲದು ಎಂಬುದಂತೂ ಕಣ್ಣೆದುರೇ ಇದೆ.

ಈ ಭೇದವನ್ನು ನಮ್ಮ ಪ್ರಾಚೀನ ಸಾಂಖ್ಯ ದರ್ಶನದವರು ಬಹಳ ಹಿಂದೆಯೇ ಸ್ಪಷ್ಟವಾಗಿ ಗುರುತಿಸಿದ್ದರು. ಅವರ ಪ್ರಕೃತಿ, ಎಂದರೆ ಜಗತ್ತಿನ ಮೂಲದ್ರವ್ಯ, ಜಡವಾದರೂ ಸದಾ ಪರಿಣಾಮಶೀಲ. ಪುರುಷನು, ಎಂದರೆ ಆತ್ಮನು, ಚೇತನನಾದರೂ ಅಕರ್ತ, ಏನನ್ನೂ ಮಾಡದವನು. ಹೀಗಿರುವಾಗ ಕ್ರಿಯೆಯನ್ನು ಕಂಡಲ್ಲೆಲ್ಲ ಚೈತನ್ಯವನ್ನು ಊಹಿಸುವುದು ನಮ್ಮ ಪರಂಪರೆಯ ಏಕೈಕ ನಿಲುವೆಂದು ಹೇಳಲಾಗದು. ಅದ್ವೈತಕ್ಕೂ ವೈಟ್‌ಹೆಡ್‌ಗೂ ಇರುವ ದೂರ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಬದಲಾಗದ್ದೇ ಸತ್ಯ, ಇಲ್ಲಿ ಆಗುವಿಕೆಯೇ ಸತ್ಯ. ಎಲ್ಲವೂ ಕ್ಷಣಕಾಲವಷ್ಟೇ ಇರುತ್ತದೆನ್ನುವ ಬೌದ್ಧರ ಕ್ಷಣಿಕವಾದ ವೈಟ್‌ಹೆಡ್‌ಗೆ ಹತ್ತಿರವೆಂದು ನನಗನ್ನಿಸುತ್ತದೆ. ಅದರ ವಿಚಾರ ಇನ್ನೊಮ್ಮೆ ಬರೆಯಬೇಕು.

ಹೊಸತೇನೆಂಬ ತಮ್ಮ ಪ್ರಶ್ನೆಗೂ ಸಾಂಖ್ಯರ ಬಳಿಯೇ ಉತ್ತರ ಸಿಗುತ್ತದೆ. ಕಾರ್ಯವು ಕಾರಣದಲ್ಲಿ ಮೊದಲೇ ಅಡಗಿರುತ್ತದೆ ಎಂಬುದು ಅವರ ಸತ್ಕಾರ್ಯವಾದ. ವೈಟ್‌ಹೆಡ್ ಇದನ್ನು ಒಪ್ಪುವುದಿಲ್ಲ: ಹಿಂದಿನದೆಲ್ಲ ಸೇರಿದರೂ ಈ ಕ್ಷಣದ ಘಟನೆಯನ್ನು ಪೂರ್ತಿಯಾಗಿ ನಿರ್ಧರಿಸಲಾರದು, ಅದರಲ್ಲಿ ಹಿಂದೆಂದೂ ಇರದಿದ್ದ ಒಂದಂಶ ಸೇರಿಯೇ ಸೇರುತ್ತದೆ ಎನ್ನುತ್ತಾರೆ. ತಾವು ವಾದಿಸಬೇಕಾದುದು ಈ ಮಾತಿನ ಮೇಲೆ. ಬರೆದು ಕಳುಹಿಸಿದರೆ ಸಂತೋಷದಿಂದ ಪ್ರಕಟಿಸುತ್ತೇನೆ.

— ಸಂಪಾದಕ