ಅರಿಶಿನದ ಮಾತ್ರೆಯಿಂದ ಕ್ಯಾನ್ಸರ್ ಕೋಶ ತನ್ನನ್ನೇ ತಿಂದು ಸಾಯುತ್ತದೆಯೇ? ಅಮ್ಮನ ಕೀಮೋ ನಡೆಯುತ್ತಿದೆ, ಕೊಡಬಹುದೇ?

ವೈದ್ಯರನ್ನು ಕೇಳದೆ ಕೊಡಬೇಡಿ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶ ಪ್ರಯೋಗಾಲಯದಲ್ಲಿ ಹಲವು ಬಗೆಯ ಕ್ಯಾನ್ಸರ್ ಕೋಶಗಳ ಸ್ವಭಕ್ಷಣೆಯನ್ನು (ಆಟೋಫೇಜಿ) ಹೆಚ್ಚಿಸುವುದು ನಿಜ. ಆದರೆ ಅದರಿಂದ ಕೋಶ ಸಾಯಲೂಬಹುದು, ಬದುಕಿಕೊಳ್ಳಲೂಬಹುದು.

ನಮ್ಮ ಕಲಬುರಗಿ ಕಡೆ ತೊಗರಿ ರಾಶಿಯಾದ ಮೇಲೆ ಉಳಿದ ಕಟ್ಟಿಗೆಯನ್ನು ಒಲೆಗೆ ಹಾಕಿ ರೊಟ್ಟಿ ಬೇಯಿಸುತ್ತೇವಲ್ಲ, ಕೋಶವೂ ಹಾಗೆಯೇ. ಸವೆದ ಭಾಗಗಳನ್ನು ಎರಡು ಪದರದ ಪೊರೆಯ ಚೀಲದಲ್ಲಿ ಸುತ್ತಿ, ಲೈಸೋಸೋಮ್ ಎಂಬ ಜೀರ್ಣಚೀಲಕ್ಕೆ ಸೇರಿಸಿ, ಕರಗಿಸಿ ಮತ್ತೆ ಬಳಸುತ್ತದೆ. ಇದೇ ಸ್ವಭಕ್ಷಣೆ. ಈ ಕೆಲಸದ ಗುಟ್ಟು ಬಿಡಿಸಿದ ಜಪಾನಿನ ವಿಜ್ಞಾನಿ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು. ಆಹಾರ ಸಮೃದ್ಧವಾಗಿದ್ದಾಗ ಎಮ್‌ಟಾರ್ ಎಂಬ ಪ್ರೋಟೀನ್ ಇದನ್ನು ತಡೆದಿಡುತ್ತದೆ. ಕರ್ಕ್ಯುಮಿನ್ ಎಮ್‌ಟಾರ್ ಅನ್ನು ಕುಗ್ಗಿಸುವುದರಿಂದ ಆ ತಡೆ ಸಡಿಲವಾಗುತ್ತದೆ.

ಸ್ವಭಕ್ಷಣೆ ಅತಿಯಾದರೆ ಕೋಶ ನಾಶವಾಗಬಹುದು. ಆದರೆ ಕೀಮೋದ ಹೊಡೆತಕ್ಕೆ ಸಿಕ್ಕ ಗಡ್ಡೆಯ ಕೋಶ ಅದೇ ಸ್ವಭಕ್ಷಣೆಯಿಂದ ಶಕ್ತಿ ಪಡೆದು ಉಳಿದುಕೊಳ್ಳಬಹುದು. ನನಗೆ ಹೆಚ್ಚು ಕಳವಳ ಇದರ ಬಗ್ಗೆಯೇ. ಅದಕ್ಕಾಗಿಯೇ ಕೆಲವು ಸಂಶೋಧಕರು ಸ್ವಭಕ್ಷಣೆಯನ್ನು ತಡೆಯುವ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಔಷಧವನ್ನು ಕೀಮೋ ಜೊತೆ ಪರೀಕ್ಷಿಸಿದ್ದಾರೆ.

ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಹೆದರಬೇಕಿಲ್ಲ. ಅದರ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಅತ್ಯಲ್ಪ. ಮಾತ್ರೆಯ ಪ್ರಮಾಣ ಬೇರೆ. ಡಬ್ಬಿಯನ್ನೇ ಮುಂದಿನ ಭೇಟಿಗೆ ತೆಗೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ.